ಬಾಗೇಪಲ್ಲಿಯಲ್ಲಿ ಕಾಲು ನಿಂತಾಗ: ದೂರದ ಟ್ರಯಥ್ಲಾನ್‌ನ ಸೈಕಲ್ ಭಾಗಕ್ಕೊಂದು ದೋಷ ನಿವಾರಣೆ ಕೈಪಿಡಿ

ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ನೂರು ಕಿಲೋಮೀಟರ್‌ವರೆಗೂ ಸೂಪರಾಗಿ ಹೋಗ್ತಿದ್ದೆ ಅಣ್ಣ. ಆಮೇಲೆ ಏನಾಯ್ತೋ, ಏಕ್‌ದಂ ಕಾಲು ಬಿದ್ದೋಯ್ತು."

ನನ್ನ ಕಸುಬು ಬೋರ್‌ವೆಲ್ ಮೋಟಾರ್ ರಿಪೇರಿ. ಚಿಕ್ಕಬಳ್ಳಾಪುರದ ಸುತ್ತ ನೀರಿಗೆ ಬರ ಬಂದರೂ ಈ ಕೆಲಸಕ್ಕೆ ಬರುವುದಿಲ್ಲ. ಮೋಟಾರ್ ಹೊತ್ತು ತರುವವರೂ ಇದನ್ನೇ ಹೇಳುತ್ತಾರೆ: ನಿನ್ನೆವರೆಗೂ ಚೆನ್ನಾಗಿ ಓಡ್ತಿತ್ತು, ಇವತ್ತು ಏಕ್‌ದಂ ನಿಂತೋಯ್ತು. ಬಿಚ್ಚಿ ನೋಡಿದರೆ ವೈಂಡಿಂಗ್ ಎಷ್ಟೋ ದಿನದಿಂದ ಬಿಸಿಯಾಗುತ್ತಾ ಬಂದಿರುತ್ತದೆ. ನಿಂತ ದಿನ ಬೇರೆ, ಕೆಟ್ಟ ದಿನ ಬೇರೆ. 180 ಕಿಲೋಮೀಟರ್ ಸೈಕಲ್ ತುಳಿಯುವ ದೇಹವೂ ಅಷ್ಟೇ. 130ರಲ್ಲಿ ಕಾಲು ನಿಂತಿತು ಅಂದರೆ ತಪ್ಪು 130ರಲ್ಲಿ ಆಗಿಲ್ಲ. ಬಹಳ ಸಲ ಮೊದಲ 40ರಲ್ಲೇ ಆಗಿರುತ್ತದೆ.

ಇಲ್ಲಿ ಹೇಳುವುದು ಪೂರ್ತಿ ದೂರದ ಟ್ರಯಥ್ಲಾನ್ ಬಗ್ಗೆ: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಗೋವಾದ 70.3 (ಒಟ್ಟು ಮೈಲಿ) ಥರದ ಅರ್ಧ ದೂರಕ್ಕೆ ತಯಾರಾಗುವವರಿಗೂ ಹುಡುಕುವ ದಾರಿ ಇದೇ, ಅಂಕಿಗಳು ಸ್ವಲ್ಪ ಬದಲಾಗುತ್ತವೆ ಅಷ್ಟೇ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಇರುವವರು ಮಾತ್ರ ಕೆಳಗಿನ ಉಪ್ಪು–ಸಕ್ಕರೆ ಲೆಕ್ಕವನ್ನು ಡಾಕ್ಟರ್ ಹತ್ತಿರ ಕೇಳದೆ ಮುಟ್ಟಬೇಡಿ.

ಮೊದಲು ನನ್ನದೇ ಕೇಸು

ನಮ್ಮ ಕಡೆಯವರಿಗೆ ದೂರದ ಸವಾರಿ ಅಂದರೆ ಹೈದರಾಬಾದ್ ಹೈವೇ, ರಾಷ್ಟ್ರೀಯ ಹೆದ್ದಾರಿ 44. ಚಿಕ್ಕಬಳ್ಳಾಪುರದಿಂದ ಪೇರೇಸಂದ್ರ ದಾಟಿ ಬಾಗೇಪಲ್ಲಿಗೆ ನಲವತ್ತು ಚಿಲ್ಲರೆ ಕಿಲೋಮೀಟರ್. ಎರಡು ಸಲ ಹೋಗಿ ಬಂದರೆ ಸ್ಪರ್ಧೆಯ ದೂರಕ್ಕೆ ಹತ್ತಿರ ಬರುತ್ತದೆ. ಆದರೆ ಈ ರಸ್ತೆಯಲ್ಲೊಂದು ಮೋಸ ಇದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಬಾಗೇಪಲ್ಲಿ ಅದಕ್ಕಿಂತ ಸುಮಾರು 200 ಮೀಟರ್ ಕೆಳಗೆ. ನಲವತ್ತು ಕಿಲೋಮೀಟರಿಗೆ ಹರಡಿದ ಇಳಿಜಾರು ಕಣ್ಣಿಗೆ ಬೀಳುವುದಿಲ್ಲ. ಹೋಗುವಾಗ ನಾವೇ ಗಟ್ಟಿ ಅನಿಸುತ್ತದೆ. ಬರುವಾಗ ಬಿಸಿಲೂ ಏರಿರುತ್ತದೆ, ರಸ್ತೆಯೂ ಏರುತ್ತದೆ.

ಅದು ಏಪ್ರಿಲ್ ತಿಂಗಳು. ಬೆಳಗ್ಗೆ ಐದೂವರೆಗೆ ಹೊರಟೆ. ಹತ್ತು ಗಂಟೆ ಹೊತ್ತಿಗೆ ಬಾಗೇಪಲ್ಲಿಯಲ್ಲಿ ಎರಡನೇ ಸಲ ತಿರುಗಿಸಿದೆ, ಮೀಟರಿನಲ್ಲಿ ಹತ್ತಿರ ಹತ್ತಿರ 130. ತಿರುಗಿಸಿ ಸಣ್ಣ ಏರು ಹತ್ತಬೇಕು, ಗೇರ್ ಇಳಿಸಿದೆ, ಇನ್ನೊಂದು ಇಳಿಸಿದೆ, ಇಳಿಸಲು ಗೇರೇ ಉಳಿಯಲಿಲ್ಲ. ಕಾಲು ನೋಯುತ್ತಿರಲಿಲ್ಲ. ಸುಮ್ನೆ ಕಾಲೇ ಇಲ್ಲದಂಗಾಗಿತ್ತು. ರಸ್ತೆ ಪಕ್ಕ ಕಬ್ಬಿನ ಹಾಲಿನ ಗಾಡಿ ಕಂಡಿತು, ಇಳಿದು ಕೂತೆ. ಅವನು ನನ್ನ ನೋಡಿ, "ಏನ್ ಸಾರ್, ಮೊಕ ಹಿಂಗ್ ಬಾಡೋಗೈತೆ" ಅಂದ. ಐಸ್ ಬೇಡ ಅಂದಿದ್ದೆ, ಹಾಕಿಬಿಟ್ಟಿದ್ದ. ಅಷ್ಟಕ್ಕೇ ಅವನ ಮೇಲೆ ರೇಗಿದೆ. ಆ ರೇಗಾಟವೂ ಒಂದು ಲಕ್ಷಣವೇ. ಅದಕ್ಕೆ ಆಮೇಲೆ ಬರುತ್ತೇನೆ.

ಬಾಟಲಿ ತೊಳೆಯಬೇಡಿ

ಇಂಥ ಸವಾರಿ ಮುಗಿಸಿ ಬಂದ ಮೇಲೆ ಎಲ್ಲರೂ ಮಾಡುವ ಮೊದಲ ತಪ್ಪು ಬಾಟಲಿ ತೊಳೆದಿಡುವುದು. ಮನೆಯಲ್ಲಿ ಅಮ್ಮನೋ ಹೆಂಡತಿಯೋ ತೊಳೆಯಲು ತೆಗೆದುಕೊಂಡರೂ ತಡೆಯಿರಿ. ಅದು ಸಾಕ್ಷಿ. ಕುಡಿದೆ ಅಂತ ನಾವು ಅಂದುಕೊಂಡಿದ್ದಕ್ಕೂ ಕುಡಿದಿದ್ದಕ್ಕೂ ಎಷ್ಟು ದೂರ ಅಂತ ಬಾಟಲಿಯೇ ಹೇಳುತ್ತದೆ. ಜೇಬಿನಲ್ಲಿ ಉಳಿದ ಖರ್ಜೂರ ಎಣಿಸಿ. ಬಾಳೆಹಣ್ಣಿನ ಸಿಪ್ಪೆ ಎಷ್ಟು ಅಂತ ನೆನಪು ಮಾಡಿಕೊಳ್ಳಿ. ಹೊರಡುವ ಮುಂಚೆ ತೂಕ ನೋಡಿದ್ದರೆ ಈಗ ಬಟ್ಟೆ ಬಿಚ್ಚಿ, ಬೆವರು ಒರೆಸಿ ಮತ್ತೆ ನೋಡಿ. ಸೈಕಲ್ ಕಂಪ್ಯೂಟರಿನ ಫೈಲ್ ಎಲ್ಲೂ ಹೋಗುವುದಿಲ್ಲ, ಅದನ್ನು ಸಾವಧಾನವಾಗಿ ನೋಡಬಹುದು.

ಅವತ್ತು ನನ್ನನ್ನು ಕೇಳಿದ್ದರೆ "ಗಂಟೆಗೆ ಎಪ್ಪತ್ತು ಗ್ರಾಂ ಕಾರ್ಬ್ ತಗೊಂಡಿದ್ದೀನಿ" ಅಂತ ಎದೆ ತಟ್ಟಿ ಹೇಳುತ್ತಿದ್ದೆ. ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್, ಸಕ್ಕರೆ–ಪಿಷ್ಟ. ಕೂತು ಲೆಕ್ಕ ಹಾಕಿದೆ. ಒಆರ್‌ಎಸ್ ಕಲಸಿದ 750 ಎಂ.ಎಲ್. ಬಾಟಲಿ ಮೂರು ಖಾಲಿ. ನಿಂಬೆ–ಸಕ್ಕರೆ ಬಾಟಲಿ ಒಂದು, ಅರ್ಧ ಮಾತ್ರ ಖಾಲಿ. ಏಲಕ್ಕಿ ಬಾಳೆ ನಾಲ್ಕು. ಖರ್ಜೂರ ಆರು.

ಒಆರ್‌ಎಸ್‌ನಲ್ಲಿ ಶಕ್ತಿ ಇರುತ್ತದೆ ಅಂತ ನಾನು ನಂಬಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಲೀಟರ್ ಒಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು ಬರೀ 13.5 ಗ್ರಾಂ. ಅದು ಭೇದಿಯಾದವರಿಗೆ ನೀರು–ಉಪ್ಪು ಒಳಗೆ ಸೇರಿಸಲು ಮಾಡಿದ್ದು. ಅಲ್ಲಿ ಗ್ಲೂಕೋಸ್ ಸೋಡಿಯಂ ಅನ್ನು ಕರುಳಿನಿಂದ ಒಳಗೆ ಎಳೆದುಕೊಳ್ಳುವ ಕೈಯಾಳು, ಊಟ ಅಲ್ಲ. ಹಾಗಾಗಿ ನನ್ನ ಮೂರು ಬಾಟಲಿಯಿಂದ ಸಿಕ್ಕಿದ್ದು ಸುಮಾರು 30 ಗ್ರಾಂ. ಅರ್ಧ ಸಕ್ಕರೆ ಬಾಟಲಿಯಿಂದ 30. ಏಲಕ್ಕಿ ಬಾಳೆ ಸಣ್ಣದು, ಒಂದಕ್ಕೆ ಹನ್ನೆರಡು ಗ್ರಾಂ ಅಂದುಕೊಂಡರೂ 50. ಖರ್ಜೂರದಿಂದ ಮೂವತ್ತೈದು. ಎಲ್ಲ ಸೇರಿ 145. ನಾಲ್ಕೂವರೆ ಗಂಟೆಗೆ ಭಾಗಿಸಿದರೆ ಗಂಟೆಗೆ 32. ಎಪ್ಪತ್ತೆಲ್ಲಿ, ಮೂವತ್ತೆರಡೆಲ್ಲಿ!

ನೀರು? ಎರಡೂವರೆ ಲೀಟರ್ ಚಿಲ್ಲರೆ. ಗಂಟೆಗೆ ಆರುನೂರು ಎಂ.ಎಲ್. ಕೂಡ ಇಲ್ಲ.

ಸರಿ, ಸಿಕ್ಕಿತು ಕಳ್ಳ ಅಂತ ಇಲ್ಲೇ ನಿಲ್ಲಿಸಬಹುದಿತ್ತು. ಆದರೆ ಮೋಟಾರ್ ಸುಟ್ಟಿದೆ ಅಂತ ಗೊತ್ತಾದ ಮಾತ್ರಕ್ಕೆ ಯಾಕೆ ಸುಟ್ಟಿತು ಅಂತ ಗೊತ್ತಾಗುವುದಿಲ್ಲ. ಹೊಸ ವೈಂಡಿಂಗ್ ಸುತ್ತಿ ಕೊಟ್ಟರೆ ತಿಂಗಳಿಗೆ ವಾಪಸ್ ಬರುತ್ತದೆ. ಸಕ್ಕರೆ ಬಾಟಲಿ ಅರ್ಧ ಯಾಕೆ ಉಳಿಯಿತು? ಅದು ಮುಖ್ಯ ಪ್ರಶ್ನೆ.

ಎರಡು ಮುಳ್ಳು

ಪಂಪ್‌ಸೆಟ್ ಸ್ಟಾರ್ಟರ್ ಡಬ್ಬದಲ್ಲಿ ಎರಡು ಮೀಟರ್ ಇರುತ್ತದೆ, ವೋಲ್ಟ್ ಮತ್ತು ಆಂಪ್ಸ್. ಬೋರಿನಲ್ಲಿ ನೀರು ಇಳಿದು ಮೋಟಾರ್ ಖಾಲಿ ತಿರುಗುತ್ತಿದ್ದರೆ ಆಂಪ್ಸ್ ಇಳಿಯುತ್ತದೆ. ಪಂಪ್ ಜಾಮ್ ಆದರೆ ಅಥವಾ ವೋಲ್ಟೇಜ್ ಬಿದ್ದರೆ ಆಂಪ್ಸ್ ಏರುತ್ತದೆ. ಒಂದೇ ಮುಳ್ಳು ನೋಡಿದವನು ಮೋಸ ಹೋಗುತ್ತಾನೆ. ಸೈಕಲ್ ಮೇಲೆ ಆ ಎರಡು ಮುಳ್ಳು ಅಂದರೆ ಕಾಲಿನ ವ್ಯಾಟ್ (ಪೆಡಲಿಗೆ ಹಾಕುವ ಶಕ್ತಿ, ಪವರ್ ಮೀಟರ್ ತೋರಿಸುವುದು) ಮತ್ತು ಎದೆಬಡಿತ.

ವ್ಯಾಟ್ ಅಷ್ಟೇ ಇದ್ದು, ಅಥವಾ ಇಳಿದು, ಬಡಿತ ಮಾತ್ರ ಏರುತ್ತಾ ಹೋದರೆ ಮೊದಲ ಅನುಮಾನ ನೀರು ಮತ್ತು ಬಿಸಿಲಿನ ಮೇಲೆ. ಬೆವರಿ ರಕ್ತದ ನೀರಂಶ ಇಳಿದಿದೆ, ಚರ್ಮ ತಣ್ಣಗಿಡಲು ರಕ್ತ ಆ ಕಡೆ ಹೋಗುತ್ತಿದೆ. ಹೃದಯ ಒಂದು ಬಡಿತಕ್ಕೆ ಕಡಿಮೆ ರಕ್ತ ತಳ್ಳುತ್ತದೆ, ಹಾಗಾಗಿ ಜಾಸ್ತಿ ಬಡಿಯುತ್ತದೆ.

ವ್ಯಾಟೂ ಬಡಿತವೂ ಎರಡೂ ಬಿದ್ದರೆ, ತಲೆ ಮಂಕಾದರೆ, ಸಣ್ಣದಕ್ಕೆಲ್ಲ ರೇಗಿದರೆ, ಸಕ್ಕರೆ ಮುಗಿದಿದೆ ಅನ್ನಿ. ಮಿದುಳಿಗೆ ಗ್ಲೂಕೋಸ್ ಬೇಕು. ಸಿಗದಿದ್ದಾಗ ಮೊದಲು ಕೆಡುವುದು ಬುದ್ಧಿ, ಆಮೇಲೆ ಕಾಲು. ಕಬ್ಬಿನ ಹಾಲಿನವನ ಮೇಲಿನ ಸಿಟ್ಟು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಎರಡು ಮುಳ್ಳೂ ಸರಿಯಿದ್ದು ಹೊಟ್ಟೆ ಮಾತ್ರ ಉಬ್ಬಿಕೊಂಡಿದ್ದರೆ ಅದು ಬಾಟಲಿಯೊಳಗಿನ ಗಡಸಿನ ದೋಷ, ಅಂದರೆ ನೀರಿಗೆ ಸಕ್ಕರೆ ಅತಿಯಾಗಿದೆ. ಬಡಿತ ಜಾಸ್ತಿ, ಹೊಟ್ಟೆಯೂ ಕೆಟ್ಟಿದೆ ಅಂದರೆ ವೇಗದ ದೋಷ, ಹೊಟ್ಟೆಯದಲ್ಲ.

ನನ್ನ ಫೈಲಿನಲ್ಲಿ ಎರಡು ಕಾಯಿಲೆ ಒಂದರ ಹಿಂದೆ ಒಂದು ಬಂದಿದ್ದವು. ಮೊದಲ ಸಲ ಬಾಗೇಪಲ್ಲಿಗೆ ಹೋಗುವಾಗ 165 ವ್ಯಾಟ್‌ಗೆ 148 ಬಡಿತ. ಎರಡನೇ ಸಲ ಅದೇ ರಸ್ತೆಯಲ್ಲಿ 140 ವ್ಯಾಟ್‌ಗೆ 156. ಅದು ನೀರಿನ ಕಥೆ. 130 ದಾಟಿದ ಮೇಲೆ 105 ವ್ಯಾಟ್, 134 ಬಡಿತ. ಅದು ಸಕ್ಕರೆಯ ಕಥೆ. ಎರಡರ ಕೆಳಗೂ ಆ ಮೊದಲ 165 ಕೂತಿತ್ತು.

ವೇಗದ ಮೇಲೆ ಮೊದಲ ಅನುಮಾನ

ಒಂದು ಗಂಟೆ ಆಸುಪಾಸು ಎಳೆಯಬಲ್ಲ ಗರಿಷ್ಠ ಶಕ್ತಿಗೆ ಎಫ್‌ಟಿಪಿ ಅನ್ನುತ್ತಾರೆ. ಇಪ್ಪತ್ತು ನಿಮಿಷ ಪೂರ್ತಿ ಜೀವ ಹಾಕಿ ತುಳಿದು, ಬಂದ ಸರಾಸರಿಯ 95 ಶೇಕಡಾ ಹಿಡಿಯುವುದು ವಾಡಿಕೆ. ನನ್ನದು 200 ವ್ಯಾಟ್. ಪೂರ್ತಿ ದೂರಕ್ಕೆ ನನ್ನಂಥ ಸಾಮಾನ್ಯ ಸವಾರ ಇದರ 65ರಿಂದ 75 ಶೇಕಡಾ ಒಳಗೆ ಇರಬೇಕು. ಅರ್ಧ ದೂರಕ್ಕೆ 75ರಿಂದ 85. ಅಂದರೆ 180 ಕಿ.ಮೀ.ಗೆ ನನಗೆ 140 ವ್ಯಾಟ್ ಆಸುಪಾಸು. ತುಳಿದಿದ್ದು 165. ಅದೂ ಸಮನಾಗಿ ಅಲ್ಲ. ಫ್ಲೈಓವರ್ ಏರು ಬಂದಾಗಲೆಲ್ಲ ಸೀಟಿನಿಂದ ಎದ್ದು 250, ಇಳಿಯುವಾಗ ಸೊನ್ನೆ. ಏರಿಳಿತಕ್ಕೆ ದಂಡ ಸೇರಿಸಿ ಲೆಕ್ಕ ಹಾಕುವ ನಾರ್ಮಲೈಸ್ಡ್ ಪವರ್ 180 ಬಂದಿತ್ತು. 180ನ್ನು 165ರಿಂದ ಭಾಗಿಸಿ: 1.09. ಇದು 1.05 ಒಳಗೆ ಇರಬೇಕು. ಎಫ್‌ಟಿಪಿ ಜೊತೆ ಹೋಲಿಸಿದರೆ 90 ಶೇಕಡಾ. ಆರು ಗಂಟೆಯ ಕೆಲಸವನ್ನು ಒಂದು ಗಂಟೆಯ ಕೆಲಸದ ಥರ ಶುರು ಮಾಡಿದ್ದೆ.

25 ವ್ಯಾಟ್‌ಗೆ ಅಷ್ಟೊಂದು ದಂಡವಾ ಅಂತ ಕೇಳಬಹುದು. ದೇಹದಲ್ಲಿ ಎರಡು ಟ್ಯಾಂಕ್. ಕೊಬ್ಬಿನದು ಕೆರೆ, ಬತ್ತುವುದಿಲ್ಲ. ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಮನೆ ಮೇಲಿನ ಸಿಂಟೆಕ್ಸ್. ಮಾಂಸಖಂಡ, ಲಿವರ್ ಎಲ್ಲ ಸೇರಿ ಸುಮಾರು 500 ಗ್ರಾಂ, ಅಂದರೆ ಎರಡು ಸಾವಿರ ಕ್ಯಾಲೊರಿ. ನಿಧಾನ ತುಳಿದಾಗ ಕೆರೆ ನೀರೇ ಜಾಸ್ತಿ ಬಳಕೆಯಾಗುತ್ತದೆ. ಜೋರು ಮಾಡಿದಷ್ಟೂ ದೇಹ ಸಿಂಟೆಕ್ಸಿನ ನಲ್ಲಿಯನ್ನು ತಿರುಗಿಸುತ್ತದೆ. ಎದ್ದು ನಿಂತು ತುಳಿದ ಒಂದೊಂದು ಫ್ಲೈಓವರ್ ಕೂಡ ಅಲ್ಲಿಂದಲೇ ಖರ್ಚು. ಮೇಲಿನಿಂದ ತುಂಬಿಸುವ ಪೈಪ್ ಸಣ್ಣದು, ಗಂಟೆಗೆ 60 ಗ್ರಾಂ ಅಂದರೂ 240 ಕ್ಯಾಲೊರಿ. 140 ವ್ಯಾಟ್‌ನಲ್ಲಿ ಗಂಟೆಗೆ ಖರ್ಚಾಗುವುದು ಸುಮಾರು 500.

ಆ ಜೋರಿನಿಂದ ಸಿಗುವುದಾದರೂ ಏನು? ಗಾಳಿಯ ವಿರುದ್ಧ ವೇಗವನ್ನು ಹತ್ತು ಶೇಕಡಾ ಏರಿಸಲು ಶಕ್ತಿ 33 ಶೇಕಡಾ ಜಾಸ್ತಿ ಬೇಕು. ಇಳಿಜಾರಿನಲ್ಲಿ ಗಂಟೆಗೆ 45–50 ಕಿ.ಮೀ. ದಾಟಿದ ಮೇಲೆ ತುಳಿಯುವುದು ದುಡ್ಡು ಕೊಟ್ಟು ಗಾಳಿ ಕೊಂಡಂತೆ. ಸುಮ್ನೆ ಮೈ ಬಗ್ಗಿಸಿ ಕೂತು ಎರಡು ಗುಟುಕು ಕುಡಿಯಿರಿ.

ನಮ್ಮ ಊರಿನವರಿಗೆ ಇಲ್ಲಿ ಇನ್ನೊಂದು ಕಾಯಿಲೆ ಇದೆ. ಅದಕ್ಕೆ ನಾನಿಟ್ಟ ಹೆಸರು ನಂದಿ ರೋಗ. ನಂದಿಬೆಟ್ಟ 1,478 ಮೀಟರ್, ಬುಡದಿಂದ ಏಳೆಂಟು ಕಿಲೋಮೀಟರ್ ಏರು. ಇಪ್ಪತ್ತು ನಿಮಿಷದ ಟೆಸ್ಟ್‌ಗೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ, ಹಾಗಾಗಿ ಎಲ್ಲರೂ ಅಲ್ಲೇ ಎಫ್‌ಟಿಪಿ ಅಳೆಯುತ್ತಾರೆ. ಆದರೆ ಎಷ್ಟೋ ಜನರಿಗೆ ಏರಿನಲ್ಲಿ ಬರುವ ವ್ಯಾಟ್ ಸಮತಟ್ಟಿನಲ್ಲಿ ಬರುವುದಿಲ್ಲ, ಏರೋ ಬಾರ್ (ಹ್ಯಾಂಡಲಿನ ಮುಂದೆ ಮೊಣಕೈ ಊರಿ ಹಿಡಿಯುವ ಕಂಬಿ) ಮೇಲೆ ಬಗ್ಗಿ ಕೂತರಂತೂ ಇನ್ನೂ ಕಡಿಮೆ. ಬೆಟ್ಟದ ಅಂಕಿ ಹಿಡಿದು ಬಯಲಿನ ಗುರಿ ಹಾಕಿದರೆ ಶುರುವಿನಿಂದಲೇ ಹತ್ತು ವ್ಯಾಟ್ ಜಾಸ್ತಿ. ನೀವು ಸ್ಪರ್ಧೆಯಲ್ಲಿ ಹೇಗೆ ಕೂರುತ್ತೀರೋ ಹಾಗೆ ಕೂತು, ಚಪ್ಪಟೆ ರಸ್ತೆಯಲ್ಲಿ ಇನ್ನೊಂದು ಸಲ ಅಳೆಯಿರಿ. ಭಾನುವಾರದ ಗುಂಪಿನ ಸವಾರಿಯೂ ಹೀಗೇ ಮೋಸ ಮಾಡುತ್ತದೆ. ನಾಲ್ಕು ಜನರ ಹಿಂದೆ ಗಾಳಿ ತಪ್ಪಿಸಿಕೊಂಡು ಗಂಟೆಗೆ 32 ಕಿ.ಮೀ. ವೇಗದಲ್ಲಿ ಬಂದವನು, ಹಿಂದೆ ಅಂಟಿಕೊಂಡು ಹೋಗಲು ಬಿಡದ ಸ್ಪರ್ಧೆಯಲ್ಲೂ ಅದೇ 32 ಹುಡುಕುತ್ತಾನೆ.

ಸ್ಪರ್ಧೆಯ ದಿನ ಮೊದಲ ಹದಿನೈದು ನಿಮಿಷ ಬಡಿತ ನೋಡಿ ಹೆದರಬೇಡಿ. ಈಜಿ ಎದ್ದು ಓಡಿ ಬಂದು ಸೈಕಲ್ ಹತ್ತಿದವನಿಗೆ ಅದು ಏರಿಯೇ ಇರುತ್ತದೆ. ಆ ಹೊತ್ತಿನಲ್ಲಿ ವ್ಯಾಟ್ ನಂಬಿ. ಪವರ್ ಮೀಟರ್ ಇಲ್ಲದವರು ಒಂದು ಪೂರ್ತಿ ವಾಕ್ಯ ತೊದಲದೆ ಹೇಳಲು ಆಗುತ್ತದಾ ನೋಡಿ. ಮಾತು ತುಂಡಾದರೆ ಜಾಸ್ತಿಯಾಯಿತು ಅಂತ ಅರ್ಥ. ದುಬಾರಿ ಯಂತ್ರ ಇಲ್ಲದೆಯೂ ಚೆನ್ನಾಗಿ ಮುಗಿಸಬಹುದು, ಅದರಲ್ಲಿ ಅನುಮಾನ ಬೇಡ.

ಹೊಟ್ಟೆ ಕೈ ಕೊಟ್ಟಾಗ

ಶಿಡ್ಲಘಟ್ಟದ ಹುಡುಗನೊಬ್ಬ ನಮ್ಮ ಜೊತೆ ಬರುತ್ತಾನೆ. ರೇಷ್ಮೆ ನೂಲು ಬಿಚ್ಚಾಣಿಕೆ ಮನೆಯವನು, ಗಟ್ಟಿ ಕಾಲು. ಅರವತ್ತು ಕಿಲೋಮೀಟರ್ ಆಗುತ್ತಲೂ ಹೊಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದ.

"ಅಣ್ಣಾ, ಹೊಟ್ಟೆ ಒಳಗೆ ಕೊಡ ಅಲ್ಲಾಡ್ದಂಗೆ ಆಗ್ತೈತೆ."

"ಬಾಟ್ಲಿಗೆ ಏನ್ ಹಾಕಿದ್ಯಪ್ಪಾ?"

"ಗ್ಲೂಕೋಸ್ ಪುಡಿ. ಜಾಸ್ತಿ ಹಾಕಿದ್ರೆ ಜಾಸ್ತಿ ಶಕ್ತಿ ಅಲ್ವಾ?"

"ಎಷ್ಟು?"

"ಕಣ್ಣಳತೆ."

ಅಡುಗೆಮನೆ ತಕ್ಕಡಿಯಲ್ಲಿ ಅವನ ಕಣ್ಣಳತೆ ತೂಗಿದೆವು. 500 ಎಂ.ಎಲ್. ನೀರಿಗೆ 100 ಗ್ರಾಂ. ಇಪ್ಪತ್ತು ಶೇಕಡಾ ದ್ರಾವಣ. ರಕ್ತದ ಸಾಂದ್ರತೆಗಿಂತ ಮೂರು ಪಟ್ಟಿಗೂ ಜಾಸ್ತಿ. ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳಿನ ನೀರೆಲ್ಲ ಹೊರಗೆ ಬಂದಿರುತ್ತದಲ್ಲ, ಅವನ ಕರುಳಿನಲ್ಲಿ ಅದೇ ಆಗುತ್ತಿತ್ತು. ನೀರು ಒಳಗೆ ಹೋಗುವ ಬದಲು ರಕ್ತದಿಂದ ಕರುಳಿಗೆ ಬರುತ್ತಿತ್ತು. ಮೇಲೆ ಬಾಯಾರಿಕೆ, ಕೆಳಗೆ ಕೊಡ.

ಇನ್ನೊಂದು ಅಡ್ಡಿಯೂ ಇದೆ. ಗ್ಲೂಕೋಸ್ ಒಂದೇ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಒಳಗೆ ಬಿಡುತ್ತದೆ. ಆ ಬಾಗಿಲು ಅಷ್ಟೇ ಅಗಲ. ಫ್ರಕ್ಟೋಸ್‌ಗೆ ಬೇರೆ ಬಾಗಿಲು. ಎರಡೂ ಬೆರೆಸಿದರೆ 90 ಗ್ರಾಂವರೆಗೂ ಹೋಗುತ್ತದೆ. ಇದಕ್ಕೆ ದೊಡ್ಡ ಬ್ರ್ಯಾಂಡಿನ ಪುಡಿಯೇ ಬೇಕು ಅಂತಿಲ್ಲ. ಮನೆಯ ಸಕ್ಕರೆ ಅಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್.

ನನ್ನ ಬಾಟಲಿ ಹೀಗೆ: 750 ಎಂ.ಎಲ್. ನೀರು, 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಎಂಟು ಶೇಕಡಾ. ಗಂಟೆಗೆ ಒಂದು. ಇನ್ನೂ ಜಾಸ್ತಿ ಬೇಕು ಅನ್ನುವವರು 60 ಗ್ರಾಂ ಸಕ್ಕರೆ ಜೊತೆ 30 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಹಾಕಬಹುದು. ಆಗ ಗ್ಲೂಕೋಸ್ 60, ಫ್ರಕ್ಟೋಸ್ 30, ಒಟ್ಟು 90. ಮಾಲ್ಟೋ ಉದ್ದ ಸರಪಳಿಯ ಗ್ಲೂಕೋಸ್, ಅದೇ ತೂಕಕ್ಕೆ ದ್ರಾವಣ ಅಷ್ಟು ಗಡಸಾಗುವುದಿಲ್ಲ, ಸಿಹಿಯೂ ಕಡಿಮೆ. ಆದರೆ ಒಂದೇ ವಾರಕ್ಕೆ 90ಕ್ಕೆ ನೆಗೆಯಬೇಡಿ. ಕರುಳಿಗೂ ತರಬೇತಿ ಬೇಕು. ನಲವತ್ತರಿಂದ ಶುರು ಮಾಡಿ, ವಾರ ವಾರ ಹತ್ತು ಗ್ರಾಂ ಏರಿಸುತ್ತಾ ಬಂದರೆ ಅದೇ ಹೊಟ್ಟೆ ಒಪ್ಪಿಕೊಳ್ಳುತ್ತದೆ.

ಹುಡುಗನ ಬಾಟಲಿ ಸರಿ ಮಾಡಿದ ಮೇಲೆ ಅವನ ಹೊಟ್ಟೆ ಸರಿಹೋಯಿತು. ನನ್ನದು ಬೇರೆ ಕೇಸು. ನನ್ನ ಅರ್ಧ ಬಾಟಲಿಯಲ್ಲಿ ಅಳತೆ ಸರಿಯಾಗಿಯೇ ಇತ್ತು. ಅದು ಉಳಿದಿದ್ದು ವಾಕರಿಕೆಯಿಂದ. ಜೋರಾಗಿ ತುಳಿಯುವಾಗ ರಕ್ತ ಕಾಲಿಗೆ ಹರಿಯುತ್ತದೆ, ಹೊಟ್ಟೆಗೆ ಮಿಕ್ಕಿದ್ದಷ್ಟೇ. ಬಿಸಿಲು ಮತ್ತು ನೀರಿನ ಕೊರತೆ ಸೇರಿದರೆ ಆ ಮಿಕ್ಕಿದ್ದೂ ಹೋಗುತ್ತದೆ. ಹೊಟ್ಟೆ ಬಾಗಿಲು ಮುಚ್ಚುತ್ತದೆ. ಬಾಗಿಲು ಮುಚ್ಚಿದ ಮನೆಗೆ ಎಂಥ ಒಳ್ಳೆ ಸರಕು ತಂದರೇನು? ಆಗ ಮಾಡಬೇಕಾದ್ದು ಒಂದೇ: ಹದಿನೈದು–ಇಪ್ಪತ್ತು ನಿಮಿಷ ವೇಗ ಇಳಿಸಿ, ಬರೀ ನೀರು ಗುಟುಕು ಗುಟುಕಾಗಿ ಕುಡಿಯಿರಿ, ಹೊಟ್ಟೆ ತಿಳಿಯಾದ ಮೇಲೆ ಸಿಹಿಗೆ ವಾಪಸ್ ಬನ್ನಿ. ಹೊಟ್ಟೆ ಕೆಟ್ಟಿತು ಅಂತ ಬರುವವರಲ್ಲಿ ಬಹಳ ಜನರದ್ದು ಕಾಲಿನ ತಪ್ಪು ಅಂತಲೇ ನನ್ನ ಅಭಿಪ್ರಾಯ. ಬ್ರ್ಯಾಂಡ್ ಮೇಲೆ ಬ್ರ್ಯಾಂಡ್ ಬದಲಾಯಿಸುತ್ತಾ ಇರುತ್ತಾರೆ ಪಾಪ.

ಘನ ಆಹಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಎರಡು ಮೂರು ಗಂಟೆಯಲ್ಲಿ ತಿಂದುಬಿಡಿ, ಕೊನೆಗೆ ಕುಡಿಯುವುದನ್ನೇ ಇಟ್ಟುಕೊಳ್ಳಿ. ಕಡಲೆಕಾಯಿ ಚಿಕ್ಕಿ ರುಚಿ ನಿಜ, ಎಣ್ಣೆ ಅಂಶ ಜಾಸ್ತಿ, ಹೊಟ್ಟೆಯಲ್ಲೇ ಕೂರುತ್ತದೆ. ಮುದ್ದೆ ಬಗ್ಗೆ ನಮ್ಮ ಕಡೆ ಏನಾದರೂ ಅಂದರೆ ಜಗಳಕ್ಕೇ ಬರುತ್ತಾರೆ. ನಾನೂ ದಿನಾ ತಿನ್ನುವವನೇ. ಆದರೆ ರಾಗಿಯಲ್ಲಿ ನಾರು ಜಾಸ್ತಿ, ಸ್ಪರ್ಧೆಯ ಬೆಳಗ್ಗೆ ಅದು ಬೇಡ. ಎರಡೂವರೆ–ಮೂರು ಗಂಟೆ ಮುಂಚೆ ಇಡ್ಲಿ ಅಥವಾ ಬಿಳಿ ಅನ್ನ ಸಾಕು.

ನೀರು, ಉಪ್ಪು

ಬೆವರಿನ ಲೆಕ್ಕಕ್ಕೆ ತಕ್ಕಡಿ ಸಾಕು. ನಾನು ಎರಡು ಗಂಟೆ ತುಳಿದೆ: ಹೋಗುವಾಗ 68 ಕೆಜಿ, ಬಂದಾಗ 66.9. ನಡುವೆ ಕುಡಿದಿದ್ದು ಒಂದು ಲೀಟರ್. ಕಳೆದಿದ್ದು 1.1, ಕುಡಿದಿದ್ದು 1, ಒಟ್ಟು 2.1 ಲೀಟರ್, ಗಂಟೆಗೆ ಒಂದು ಲೀಟರ್ ಚಿಲ್ಲರೆ. ನಡುವೆ ಮೂತ್ರಕ್ಕೆ ಹೋಗಿದ್ದರೆ ಅದನ್ನು ಕಳೆಯಿರಿ. ಹೋದದ್ದನ್ನೆಲ್ಲ ತುಂಬಿಸಬೇಕಿಲ್ಲ. ತೂಕ ಎರಡು ಶೇಕಡಾ ಆಸುಪಾಸು ಇಳಿದರೆ ನಡೆಯುತ್ತದೆ. ಮೂರು ನಾಲ್ಕು ದಾಟಿದರೆ ಮೇಲೆ ಹೇಳಿದ ಬಡಿತದ ಮುಳ್ಳು ಏರುತ್ತದೆ.

ತೂಕ ಜಾಸ್ತಿಯಾಗಿ ಬಂದರೆ ಮಾತ್ರ ಇನ್ನೂ ಕೆಟ್ಟದ್ದು. ಬರೀ ನೀರು ಕುಡಿದು ಕುಡಿದು ರಕ್ತದ ಸೋಡಿಯಂ ತೆಳುವಾಗಿರಬಹುದು. ಬೆರಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಗೊಂದಲ ಕಂಡರೆ ಮತ್ತೆ ನೀರು ಕುಡಿಸಬೇಡಿ. ಸೀದಾ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇದು ಮನೆಮದ್ದಿನ ವಿಷಯವೇ ಅಲ್ಲ.

ನಮ್ಮ ಒಣ ಹವೆಯಲ್ಲಿ ಬೆವರು ಹುಟ್ಟಿದಷ್ಟೇ ಬೇಗ ಆರಿಹೋಗುತ್ತದೆ. "ನಂಗೆ ಬೆವರೇ ಬರಲ್ಲ" ಅನ್ನುವವರ ಜೆರ್ಸಿ ನೋಡಿ, ಬೆನ್ನ ಮೇಲೆ ಬಿಳಿ ಗೆರೆ ಕೂತಿರುತ್ತದೆ. ಅದು ಉಪ್ಪು. ಕರಾವಳಿಯ ಸ್ಪರ್ಧೆಗೆ ಹೋದರೆ ಅದೇ ಬೆವರು ಆರದೆ ಸುರಿಯುತ್ತದೆ, ಮೈ ತಣ್ಣಗಾಗುವುದಿಲ್ಲ. ಹಾಗಾಗಿ ಜನವರಿಯ ಚಳಿಯಲ್ಲಿ ಮಾಡಿದ ತೂಕದ ಪರೀಕ್ಷೆಯನ್ನು ಗೋವಾಕ್ಕೆ ಒಯ್ಯಬೇಡಿ. ಮಧ್ಯಾಹ್ನದ ಬಿಸಿಲಿನಲ್ಲೊಮ್ಮೆ ಮಾಡಿ.

ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ ಒಬ್ಬೊಬ್ಬರಿಗೆ ಒಂದೊಂದು ಥರ, ನಾನೂರು ಮಿಲಿಗ್ರಾಂನಿಂದ ಸಾವಿರದೈನೂರರವರೆಗೂ ಇರಬಹುದು. ಕಾಲು ಟೀ ಚಮಚ ಉಪ್ಪಿನಲ್ಲಿ ಸುಮಾರು 580 ಮಿಲಿಗ್ರಾಂ ಸೋಡಿಯಂ. ಶುರು ಮಾಡಲು ಒಳ್ಳೆ ಅಂಕಿ, ಬಿಳಿ ಗೆರೆ ದಪ್ಪ ಇರುವವರು ಸ್ವಲ್ಪ ಏರಿಸಬಹುದು. ಎಳನೀರು ಉಪ್ಪಿನ ಬದಲಿ ಅಲ್ಲ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಸವಾರಿ ಮುಗಿಸಿ ಕುಡಿಯಿರಿ, ಚೆನ್ನಾಗಿರುತ್ತದೆ.

ಕಾಲು ಹಿಡಿದುಕೊಂಡರೆ ಎಲ್ಲರೂ ಉಪ್ಪು ಕಮ್ಮಿ ಅನ್ನುತ್ತಾರೆ. ಅಷ್ಟು ಸುಲಭ ಇಲ್ಲ. ಹಿಡಿದಿದ್ದು ತೊಡೆಯೊಂದೇನಾ, ಅದೂ ಏರು ಮುಗಿದ ಮೇಲಾ ಅಂತ ನೋಡಿ. ಹೌದಾದರೆ ದಣಿದ ಮಾಂಸಖಂಡದ ದೂರು ಅದು, ಮತ್ತೆ ವೇಗಕ್ಕೇ ಹೋಗಿ ಮುಟ್ಟುತ್ತದೆ.

ರಸ್ತೆಯಲ್ಲೇ ಸಕ್ಕರೆ ಪರೀಕ್ಷೆ

ಕಾಲು ಬಿದ್ದಾಗ ಸಕ್ಕರೆಯಾ ಬೇರೆಯಾ ಅಂತ ತಿಳಿಯಲು ಬೇಗ ಕರಗುವ 30 ಗ್ರಾಂ ಸಿಹಿ ತೆಗೆದುಕೊಂಡು ಹತ್ತು ಹದಿನೈದು ನಿಮಿಷ ಕಾಯಿರಿ. ಕಬ್ಬಿನ ಹಾಲು ಒಂದು ಗ್ಲಾಸ್ ಆದರೆ ಸರಿಹೋಗುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿ ಸಿಕ್ಕರೆ ಎರಡು ಹಿಡಿ. ಒಂದು ಎಚ್ಚರಿಕೆ: ಸಿಹಿ ನಾಲಿಗೆಗೆ ತಾಗಿದ ಕೂಡಲೇ ಮಿದುಳಿಗೆ ಸುದ್ದಿ ಹೋಗಿ ಕ್ಷಣಕ್ಕೆ ಚುರುಕು ಬರುತ್ತದೆ. ಅದು ಸಾಕ್ಷಿ ಅಲ್ಲ. ಕಾಲು ಗಂಟೆ ಆದಮೇಲೂ ಏರಿದ ವ್ಯಾಟ್ ಹಾಗೇ ಉಳಿದರೆ ಸಕ್ಕರೆಯೇ ದೋಷ. ಬಡಿತ ಮತ್ತೆ ಏರಿ ವ್ಯಾಟ್ ಏರದಿದ್ದರೆ ನೀರು, ಬಿಸಿಲು ನೋಡಿ. ನನಗೆ ಅವತ್ತು 105ರಿಂದ 128ಕ್ಕೆ ಬಂತು, ಪೇರೇಸಂದ್ರದವರೆಗೂ ಅಲ್ಲೇ ಉಳಿಯಿತು. ಆಮೇಲೆ ಮತ್ತೆ ಬಿತ್ತು, ಯಾಕೆಂದರೆ ಇನ್ನೊಂದು ಗ್ಲಾಸ್ ಕುಡಿದಿರಲಿಲ್ಲ.

ಚಿಲ್ಲರೆ ದೋಷಗಳು

ಪವರ್ ಮೀಟರ್ ಬೆಳಗಿನ ಚಳಿಯಲ್ಲಿ ಒಂದು ತೋರಿಸಿ, ಬಿಸಿಲೇರಿದ ಮೇಲೆ ಇನ್ನೊಂದು ತೋರಿಸಬಹುದು. ಸೈಕಲ್ಲನ್ನು ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿ, ಆಮೇಲೆ ಝೀರೋ ಮಾಡಿ. ಕುಡಿಯಲು ಮರೆಯುವವರು ಕಂಪ್ಯೂಟರಿನಲ್ಲಿ ಹದಿನೈದು ನಿಮಿಷಕ್ಕೊಂದು ಅಲಾರಂ ಇಡಿ. ಬಾಟಲಿ ಸೀಟಿನ ಹಿಂದೆ ಇದ್ದರೆ ಎಷ್ಟೋ ಜನ ಕೈ ಹಾಕುವುದೇ ಇಲ್ಲ, ಮುಂದೆ ಬಾರ್‌ಗಳ ನಡುವೆ ತನ್ನಿ. ತೀರಾ ಬಗ್ಗಿ ಕೂತರೆ ತೊಡೆ ಹೊಟ್ಟೆಗೆ ಒತ್ತಿ ತಿಂದದ್ದು ಮೇಲೆ ಬರುತ್ತದೆ, ಬಾರ್ ಒಂದೆರಡು ಸೆಂಟಿಮೀಟರ್ ಎತ್ತಿ ನೋಡಿ. ಈಜುವಾಗ ಸಮುದ್ರದ ನೀರು ನುಂಗಿದ್ದರೆ ಸೈಕಲ್ಲಿನ ಮೊದಲ ಹದಿನೈದು ನಿಮಿಷ ಬರೀ ನೀರು.

ಓಟದಲ್ಲಿ ಕಾಣುವ ಸೈಕಲ್ ದೋಷ

ಕೆಲವರದ್ದು ಸೈಕಲ್ ಮೇಲೆ ಕಾಣುವುದೇ ಇಲ್ಲ. ಒಳ್ಳೆ ಸಮಯದಲ್ಲಿ ಇಳಿಯುತ್ತಾರೆ, ಓಟದ ಎಂಟನೇ ಕಿಲೋಮೀಟರಿನಲ್ಲಿ ನಡೆಯಲು ಶುರು. ಇದಕ್ಕೆ ಉದ್ದ ಸವಾರಿ ಮುಗಿಸಿದ ತಕ್ಷಣ ಶೂ ಬದಲಿಸಿ ಅರ್ಧ ಗಂಟೆ ಓಡಿ ನೋಡಬೇಕು. ಸ್ಪರ್ಧೆಯ ವೇಗದಲ್ಲಿ ಓಡಿ, ಬಡಿತ ಏರದೆ ಒಂದೇ ಮಟ್ಟದಲ್ಲಿ ಉಳಿದರೆ ಸೈಕಲ್ ಸರಿಯಾಗಿತ್ತು. ಮೊದಲ ಕಿಲೋಮೀಟರಿನಿಂದಲೇ ಏರುತ್ತಾ ಹೋದರೆ ಮುಂದಿನ ವಾರ ಸೈಕಲ್ ಗುರಿ ಐದು ವ್ಯಾಟ್ ಇಳಿಸಿ. ಬೇರೇನೂ ಬದಲಾಯಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮರು ಪರೀಕ್ಷೆ

ನಾನು ಮೊದಲು ವ್ಯಾಟ್ ಮಾತ್ರ ಇಳಿಸಿದೆ. ಸಕ್ಕರೆ ಮುಟ್ಟಲಿಲ್ಲ. ವಾಕರಿಕೆ ತಾನಾಗಿಯೇ ಹೋಯಿತು. ಮುಂದಿನ ಸವಾರಿಯಲ್ಲಿ ಒಆರ್‌ಎಸ್ ಬಿಟ್ಟು ಎಲ್ಲ ಬಾಟಲಿಯನ್ನೂ ಸಕ್ಕರೆ–ಉಪ್ಪು–ನಿಂಬೆ ಮಾಡಿದೆ. ಮೂರನೇ ಸಲಕ್ಕೆ ಬಾಗೇಪಲ್ಲಿಯಲ್ಲಿ ನಿಂತು ಒಂದು ಲೀಟರ್ ಬರೀ ನೀರು ಸೇರಿಸಿದೆ.

ಅವತ್ತು ಅದೇ ರಸ್ತೆ, 172 ಕಿ.ಮೀ., ಆರೂಕಾಲು ಗಂಟೆ. ಸರಾಸರಿ 138 ವ್ಯಾಟ್. ಹೋಗುವಾಗ ಎಲ್ಲರೂ ದಾಟಿಕೊಂಡು ಹೋದರು, ಶಿಡ್ಲಘಟ್ಟದ ಹುಡುಗನೂ ಸೇರಿ. ಕೈ ತುರಿಸುತ್ತಿತ್ತು, ತಡೆದುಕೊಂಡೆ. ಬಡಿತ ಹೋಗುವಾಗ 136, ಕೊನೆಯ ಏರಿನಲ್ಲಿ 141. ಕಾರ್ಬ್ ಗಂಟೆಗೆ 60 ಗ್ರಾಂ. ತೂಕ ಇಳಿದಿದ್ದು 1.4 ಕೆಜಿ.

ಎರಡನೇ ತಿರುವಿನಲ್ಲಿ ಕಬ್ಬಿನ ಹಾಲಿನವನ ಹತ್ತಿರ ನಿಂತೆ. ಐಸ್ ಹಾಕಿಯೇ ಕೊಡಪ್ಪ ಅಂದೆ. ಅವನಿಗೆ ನನ್ನ ನೆನಪಿರಲಿಲ್ಲ, ಅದೇ ಒಳ್ಳೆಯದಾಯಿತು.

ಮನೆಗೆ ಬಂದು ಐದೂ ಬಾಟಲಿಗಳನ್ನು ಸಾಲಾಗಿ ಜಗುಲಿ ಮೇಲಿಟ್ಟೆ. ನಾಲ್ಕು ಪೂರ್ತಿ ಖಾಲಿ. ಐದನೆಯದರಲ್ಲಿ 200 ಎಂ.ಎಲ್. ಉಳಿದಿತ್ತು. ಫೈಲ್ ತೆಗೆದು ನೋಡಿದೆ. ಪೇರೇಸಂದ್ರ ದಾಟಿದ ಮೇಲೆ ಅಲಾರಂ ಎರಡು ಸಲ ಹೊಡೆದಿದೆ, ನಾನು ಕೈ ಹಾಕಿಲ್ಲ.